ಮೇಣ ಉಗುಳದ ಕರಡಿ

ಹತ್ತಿರ ಬನ್ನಿ, ಕೂತು ಕೇಳಿ. ಏಳು ಗುಡ್ಡದಾಚೆ ಒಂದು ಕಾಡಿತ್ತು. ಆ ಕಾಡಿಗೊಬ್ಬ ಸಿಂಹರಾಜ. ಅವನ ರಾಜ್ಯದಲ್ಲಿ ಮಾಚವ್ವ ಅನ್ನುವ ತಾಯಿ ಕರಡಿ ಇದ್ದಳು. ಅವಳ ಮಗ ಜಡೆಯ. ಮಗ ಅಂದರೆ ಮರಿಯಲ್ಲ, ಅವ್ವನ ಎರಡರಷ್ಟು ಬೆಳೆದ ಗಂಡು. ಬೆಳೆದು ಏನು ಬಂತು? ಇಪ್ಪೆ ಹೂವು ಉದುರಿ ಹುಳಿಯುವ ಕಾಲ ಬಂದರೆ ಸಾಕು, ಹೊಟ್ಟೆ ಬಿರಿಯ ತಿಂದು, ಅಮಲೇರಿ, ಹಾಡುತ್ತ ಬೀಳುತ್ತ ಗವಿಗೆ ಬರುತ್ತಿದ್ದ.

ಒಂದು ಸಲ ಕೋತಿಯ ಅಟ್ಟಣೆ ಮುರಿದ. ಮಾಚವ್ವ ಗಾಳಿಗೆ ಬಿತ್ತು ಅಂದಳು. ಇನ್ನೊಂದು ಸಲ ಮುಳ್ಳುಹಂದಿಯ ಬಿಲ ತುಳಿದ. ಆನೆ ತುಳಿಯಿತು ಅಂದಳು. ಮತ್ತೊಂದು ಸಲ ರಾಜನ ಬೇಲಿಯನ್ನೇ ಕಿತ್ತೆಸೆದ. ಮಾಚವ್ವ ಓಡಿಹೋಗಿ ಮಗನ ಹೆಜ್ಜೆಗುರುತನ್ನೆಲ್ಲ ಸೊಪ್ಪಿನಿಂದ ಗುಡಿಸಿ ಬಂದಳು. ತನ್ನ ಹೆಜ್ಜೆ ಗುಡಿಸಲು ಮರೆತಳು. ಕಾಡೆಲ್ಲ ಮುಸಿಮುಸಿ ನಕ್ಕಿತು.

ಕೊನೆಗೊಂದು ದಿನ, ಯಾಕೋ ತಿಂತೀಯ ಆ ಹೂವನ್ನ, ಎಂದು ಕೇಳಿದಳು.

"ತಲೆಯೊಳಗೆ ಯಾರೋ ಬೈತಾನೇ ಇರ್ತಾರೆ ಅವ್ವ. ಹೂ ತಿಂದ್ರೆ ಸುಮ್ಮನಾಗ್ತಾರೆ."

ಮಾಚವ್ವ ಮಗನ ತಲೆ ನೇವರಿಸಿದಳು. ಇಷ್ಟು ದಿನ ಸೋಮಾರಿ ಎಂದು ತಾನೂ ಬೈದಿದ್ದಳಲ್ಲ! ಮಗನನ್ನು ಮದ್ದು ಕೊಡುವ ಆಮೆಜ್ಜನ ಹತ್ತಿರ ಕರೆದುಕೊಂಡು ಹೋದಳು. ಇದು ಕಾಯಿಲೆ, ದಿನಾ ಬೇರು ತಿನ್ನಬೇಕು, ಹೂವಿನ ಸುದ್ದಿಗೆ ಹೋಗಬಾರದು, ವಾಸಿಯಾಗುವುದು ನಿಧಾನ ಎಂದ ಆಮೆಜ್ಜ. ಆಮೆಯೇ ನಿಧಾನ ಎಂದ ಮೇಲೆ ಎಷ್ಟು ನಿಧಾನವೋ ನೀವೇ ಲೆಕ್ಕ ಹಾಕಿ.

ಜಡೆಯ ಬೇರು ತಿಂದ, ಸುಧಾರಿಸಿದ. ಆಮೇಲೊಂದು ದಿನ ಬೇರು ಬಿಟ್ಟು ಮತ್ತೆ ಹೂವಿಗೆ ಬಾಯಿ ಹಾಕಿದ. ಅವತ್ತೇ ರಾಜನ ಜೇನುಹುಟ್ಟು ಕಳುವಾಗಬೇಕೇ!

ಜಡೆಯ ತಿಂದದ್ದನ್ನು ಕಣ್ಣಾರೆ ಕಂಡೆ ಎಂದು ನರಿ ರಾಜಸಭೆಯಲ್ಲಿ ಸಾಕ್ಷಿ ಹೇಳಿತು. ಜಡೆಯನಿಗೋ ಏನೂ ನೆನಪಿಲ್ಲ. ಹಾಗಾದರೆ ಹೊಳೆಯಾಚೆಗೆ ಗಡಿಪಾರು ಎಂದ ಸಿಂಹರಾಜ. ಹೊಳೆಯಾಚೆ ಬೇಟೆಗಾರರಿದ್ದರು. ಹೋದವರು ಯಾರೂ ತಿರುಗಿ ಬಂದಿರಲಿಲ್ಲ.

ಮಾಚವ್ವ ಎದ್ದು ನಿಂತಳು. ಮಗ ಗವಿಯಲ್ಲೇ ಇದ್ದ ಅನ್ನುವ ಸುಳ್ಳು ನಾಲಿಗೆ ತುದಿಗೆ ಬಂತು. ನುಂಗಿಕೊಂಡಳು.

"ಒಡೆಯಾ, ಅಟ್ಟಣೆ ಮುರಿದೋನು ನನ್ ಮಗ. ಬಿಲ ತುಳಿದೋನೂ ಅವನೇ, ಬೇಲಿ ಕಿತ್ತೋನೂ ಅವನೇ. ಸುಳ್ಳು ಹೇಳಿದೋಳು ನಾನು. ಜೇನು ಕಳುವಾದ ದಿನ ಅವನು ಹೂ ತಿಂದಿದ್ದೂ ನಿಜ. ಇಷ್ಟು ಒಪ್ಪಿಕೊಂಡೋಳಿಗೆ ಒಂದು ಮಾತು ಕೇಳಕ್ಕೆ ಬಿಡಿ."

ರಾಜ ತಲೆಯಾಡಿಸಿದ. ಮಾಚವ್ವ ನರಿಯ ಕಡೆ ತಿರುಗಿ, ನನ್ನ ಮಗ ಜೇನನ್ನು ಹೇಗೆ ತಿಂದನಪ್ಪ ಎಂದು ಬೆಣ್ಣೆಯಂಥ ದನಿಯಲ್ಲಿ ಕೇಳಿದಳು.

ನರಿ ಹುರುಪಿನಿಂದ ಹೇಳಿತು: "ಜೇನು ಹೀರಿದ, ಮರಿಹುಳ ಚೆಲ್ಲಿದ, ಮೇಣ ಥೂ ಅಂತ ಉಗುಳಿದ."

ಸಭೆಯಲ್ಲಿದ್ದ ಕರಡಿಗಳೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕವು.

"ಒಡೆಯಾ, ಕರಡಿ ಮರಿಹುಳಾನೇ ಮೊದಲು ತಿನ್ನೋದು. ಮೇಣಾನೂ ಬಿಡಲ್ಲ. ಉಗುಳಿದೋರು ಯಾರು ಅಂತ ಹಲ್ಲು ನೋಡಿದ್ರೆ ಗೊತ್ತಾಗುತ್ತೆ" ಎಂದಳು ಮಾಚವ್ವ.

ನರಿ ಗಪ್ಪನೆ ಬಾಯಿ ಮುಚ್ಚಿತು. ರಾಜ ಕೇಳಿದ್ದಕ್ಕೆಲ್ಲ ಮೂಗಿನಲ್ಲೇ ಹೂಂ ಅಂದಿತು. ಕೋತಿ ಹಿಂದಿನಿಂದ ಬಂದು ಕಂಕುಳಿಗೆ ಕಚಗುಳಿ ಇಟ್ಟಿತು. ನರಿ ಹಲ್ಲು ಕಿರಿಯಿತು. ಹಲ್ಲಿನ ಸಂದಿಯಲ್ಲೆಲ್ಲ ಮೇಣ! ಹೊಳೆ ದಾಟಿದ್ದು ನರಿ.

ಇನ್ನು ಮಗನನ್ನು ಕರೆದುಕೊಂಡು ಹೋಗು ಎಂದ ರಾಜ. ಮಾಚವ್ವ ಹೋಗಲಿಲ್ಲ. ಕಿತ್ತ ಬೇಲಿಯನ್ನು ಅವನೇ ಕಟ್ಟಲಿ, ನಾನು ಪಕ್ಕದಲ್ಲಿ ಕೂತಿರುತ್ತೇನೆ ಎಂದಳು. ಜಡೆಯ ಕಟ್ಟಿದ. ಬೇಲಿ ಸೊಟ್ಟಗಾಯಿತು. ನೆಟ್ಟಗೆ ಮಾಡಲು ಮಾಚವ್ವನ ಕೈ ತುರಿಸಿತು. ಆದರೂ ಕೈ ಕಟ್ಟಿಕೊಂಡು ಕೂತಳು, ಪಾಪ.

ಮರುವರ್ಷ ಇಪ್ಪೆ ಮತ್ತೆ ಹೂ ಬಿಟ್ಟಿತು.

"ಅವ್ವ, ವಾಸನೆ ಬರ್ತಿದೆ" ಎಂದ ಜಡೆಯ.

ಅವಳು ಬೈಯಲಿಲ್ಲ, ಅಳಲಿಲ್ಲ. ಬೇರಿನ ಗಂಟು ಕೈಗೆ ತಗೊಂಡು ಎದ್ದಳು.

"ನಡಿ, ಇಪ್ಪೆ ಇಲ್ಲದ ಆ ಕಡೆ ಗುಡ್ಡಕ್ಕೆ ಹೋಗಾಣ."

ಇಬ್ಬರೂ ನಡೆದರು. ಇವತ್ತಿಗೂ ಹೂವಿನ ಕಾಲದಲ್ಲಿ ಆ ಗುಡ್ಡದ ದಾರಿಯಲ್ಲಿ ಎರಡು ಕರಡಿಗಳ ಹೆಜ್ಜೆಗಳು ಕಾಣುತ್ತವಂತೆ.

ನೆನಪಿರಲಿ ಮಕ್ಕಳೇ: ದಾರಿ ತಪ್ಪಿದವರ ಹೆಜ್ಜೆಯನ್ನು ಗುಡಿಸಬಾರದು, ಅವರ ಜೊತೆ ಹೆಜ್ಜೆ ಹಾಕಬೇಕು.