ಇಳಿಸಿದ ಮೇಲೂ ಕುದಿಯುವ ಕಲ್ಲುಮರಿಗೆ

ಆಗಿನ್ನೂ ಭೂಮಿಗೆ ಹೊಸ ಮಣ್ಣಿನ ವಾಸನೆ ಹೋಗಿರಲಿಲ್ಲ. ಯಾವ ಕಡೆ ಹರಿಯಬೇಕೆಂದು ಹೊಳೆಗಳು ಗಾಳಿಯನ್ನು ಕೇಳಿಕೊಂಡು ಹರಿಯುತ್ತಿದ್ದವು. ಕಲ್ಲುಗಳಿಗೂ ಬಾಯಿತ್ತು. ಬಾಯಿತ್ತು, ಕೆಲಸ ಮಾತ್ರ ಇರಲಿಲ್ಲ.

ಒಂದು ದಿನ ಬೆಟ್ಟಜ್ಜ ಎಲ್ಲ ಕಲ್ಲುಗಳನ್ನೂ ಕರೆದ.

"ಕೆಳಗೆ ಜನ ಬಂದು ಸೇರಿದ್ದಾರೆ. ಅವರಿಗೆ ಬೀಸೋಕೆ ಕಲ್ಲು ಬೇಕು, ಅರೆಯೋಕೆ ಕಲ್ಲು ಬೇಕು. ಬೆಣಚುಕಲ್ಲು ನಿಮ್ಮನ್ನೆಲ್ಲ ಗೀರಿ ನೋಡ್ತದೆ. ಗೀರು ಆಳಕ್ಕಿಳಿಯದಿದ್ರೆ ಕೆಲಸ. ಇಳಿದ್ರೆ, ಹೊತ್ತು ಮುಳುಗೋದ್ರೊಳಗೆ ವಾಪಸ್ ಮಣ್ಣೊಳಗೆ!"

ಕರಿಕಲ್ಲನ್ನು ಬೆಣಚುಕಲ್ಲು ಕರ್‍ರೆಂದು ಗೀರಿತು. ಕೂದಲೆಳೆಯಷ್ಟು ಗೆರೆ. "ಭೇಷ್, ನೀನು ಬೀಸುವ ಕಲ್ಲು!" ಎಂದ ಬೆಟ್ಟಜ್ಜ. ಕರಿಕಲ್ಲು ಎದೆಯುಬ್ಬಿಸಿತು.

ಎಲ್ಲರಿಗಿಂತ ಕೊನೆಗೆ ಬಳಪದ ಕಲ್ಲು ನಿಂತಿತ್ತು. ನುಣುಪು ಮೈ, ಬೂದಿ ಬಣ್ಣ, ಎದೆಯಲ್ಲಿ ಢವಢವ. ಬೆಣಚುಕಲ್ಲು ಸುಮ್ಮನೆ ತಾಗಿದ್ದಷ್ಟೇ, ಬುಳುಬುಳನೆ ಬಿಳಿ ಹಿಟ್ಟು ಉದುರಿತು.

"ಇದಕ್ಕೆ ನಾನ್ಯಾಕೆ? ಮಗುವಿನ ಉಗುರು ಸಾಕು!" ಎಂದಿತು ಬೆಣಚುಕಲ್ಲು. ಎಲ್ಲ ಕಲ್ಲುಗಳೂ ಬಿದ್ದು ಬಿದ್ದು ನಕ್ಕವು.

ಪಾಪ, ಬಳಪ ಉದುರಿದ ಹಿಟ್ಟನ್ನೇ ನೋಡುತ್ತಾ ತಲೆ ತಗ್ಗಿಸಿತು. ಬೆಟ್ಟಜ್ಜನಿಗೂ ಸಂಕಟವಾಯಿತು. ಆದರೆ ಅವನಿಗೆ ಗೊತ್ತಿದ್ದದ್ದು ಅದೊಂದೇ ಪರೀಕ್ಷೆ.

ಮಣ್ಣಿಗೆ ಹೋಗುವ ಮುಂಚೆ ಒಂದು ಸಲ ಹಳ್ಳದ ನೀರಿನಲ್ಲಿ ಬಿಸಿಲು ನೋಡಿಬಿಡೋಣ ಎಂದು ಬಳಪ ಉರುಳಿಕೊಂಡು ಇಳಿಯಿತು. ಹಳ್ಳದ ದಡದಲ್ಲಿ, ಒಲೆಯ ಪಕ್ಕ ಕೂತು ಚೌಡಜ್ಜಿ ಅಳುತ್ತಿದ್ದಳು.

"ಯಾಕಜ್ಜಿ ಅಳ್ತೀರಾ?"

"ನನ್ ಮಗಳು ಕೆಂಚಿ ಹೆತ್ತು ಮೂರು ದಿನ ಆಯ್ತು ಕಣಪ್ಪಾ. ಗಡಗಡ ನಡುಗ್ತಾ ಮಲಗವ್ಳೆ. ಬಿಸಿ ಬಿಸಿ ಮೆಣಸಿನ ಸಾರು ಒಂದು ಗುಟುಕು ಬಿದ್ರೆ ಬದುಕ್ಕೊಂಡಾಳು. ಹೊಗೆ ತಾಗಬಾರ್ದು ಅಂತ ಅವಳ ಗುಡಿಸಲನ್ನ ಹಳ್ಳದಾಚೆ ಕಟ್ಟಿದ್ವಿ. ಬಿದಿರಂಡೇಲಿ ಕಾಯಿಸಿ ಹೊತ್ಕೊಂಡೋದ್ರೆ ಅಷ್ಟೊತ್ಗೆ ತಣ್ಣೀರು. ಗುಂಡಿ ಇರೋ ಕರಿಕಲ್ಲು ಒಂದನ್ನ ಒಲೆ ಮೇಲಿಟ್ಟೆ, ಫಟ್ ಅಂತು."

"ನನ್ನನ್ನ ಇಟ್ಟು ನೋಡಿ," ಎಂದುಬಿಟ್ಟಿತು ಬಳಪ. ಅಂದ ಮೇಲೆ ಅದಕ್ಕೇ ಹೆದರಿಕೆಯಾಯಿತು. "ಆದ್ರೆ ಅಜ್ಜಿ, ನಾನು ತುಂಬಾ ಮೆತ್ತಗಿದ್ದೀನಿ."

"ಮೆತ್ತಗಿದ್ರೆ ಒಳ್ಳೇದೇ ಆಯ್ತಲ್ಲೋ, ತೋಡೋಕೆ ಬರ್ತದೆ!"

ಅಜ್ಜಿ ಬೆಣಚಿನ ಚೂರೊಂದನ್ನು ಎತ್ತಿಕೊಂಡು ಗರಗರನೆ ತೋಡಿದಳು. ಬಳಪ ಕಣ್ಣು ಮುಚ್ಚಿಕೊಂಡು ತಡೆದುಕೊಂಡಿತು. ಒಳಗೆ ಗುಂಡಗೆ ಹೊಟ್ಟೆ ಮೂಡಿತು. ಕೂಸಿಗೆ ಹಚ್ಚುವಂತೆ ಅದರ ಮೈಗೆಲ್ಲ ಎಣ್ಣೆ, ಅರಿಶಿನ ಹಚ್ಚಿ, ಅಜ್ಜಿ ಒಳಗೆ ಸಾರು ಸುರಿದು ಅದನ್ನು ಒಲೆಯ ಮೇಲಿಟ್ಟಳು.

"ಒಡೆದುಹೋಗ್ತೀನಾ ಅಜ್ಜಿ?"

"ಸಣ್ಣ ಉರಿ ಹಾಕ್ತೀನಿ. ಹೆದರ್ಬೇಡ ಕಂದಾ."

ಉರಿ ಮೆಲ್ಲಗೆ ಏರಿತು. ಬಳಪ ಒಡೆಯಲಿಲ್ಲ, ಬಿರಿಯಲಿಲ್ಲ. ಸದ್ದಿಲ್ಲದೆ ಬಿಸಿಯನ್ನೆಲ್ಲ ಮೈಯೊಳಗೆ ತುಂಬಿಕೊಂಡಿತು. ಸಾರು ಕುತಕುತ ಕುದಿಯಿತು.

ಅಜ್ಜಿ ತಲೆಯ ಮೇಲೆ ದಪ್ಪ ಸಿಂಬಿ ಇಟ್ಟು ಅದನ್ನು ಹೊತ್ತಳು. ಗಾಳಿ ಬಂದು, "ನನಗಿಷ್ಟು ಬಿಸಿ ಕೊಡು," ಎಂದಿತು. "ಇಲ್ಲಪ್ಪ, ಕೆಂಚಿ ಕಾಯ್ತಿದ್ದಾಳೆ," ಎಂದಿತು ಬಳಪ. ಹಳ್ಳ ತಣ್ಣೀರು ಎರಚಿ, "ನನಗಿಷ್ಟು ಕೊಡು," ಎಂದಿತು. "ಇಲ್ಲಮ್ಮ, ಕೆಂಚಿ ಕಾಯ್ತಿದ್ದಾಳೆ."

ಗುಡಿಸಲಲ್ಲಿ ಇಳಿಸಿದಾಗಲೂ ಸಾರು ಕುದಿಯುತ್ತಲೇ ಇತ್ತು! ಅಜ್ಜಿ ಊದಿ ಊದಿ ಕುಡಿಸಿದಳು. ಕೆಂಚಿಯ ಹಣೆಯಲ್ಲಿ ಬೆವರು ಮೂಡಿತು, ನಡುಕ ನಿಂತಿತು. "ಅವ್ವಾ, ಕೂಸನ್ನ ಇತ್ಲಾಗೆ ಕೊಡು," ಎಂದಳು. ಅಜ್ಜಿ ಮತ್ತೆ ಅತ್ತಳು, ಈ ಸಲ ಸಂತೋಷಕ್ಕೆ.

ಹೊತ್ತು ಮುಳುಗುವುದರಲ್ಲಿತ್ತು. ಬೆಟ್ಟಜ್ಜ ಎಲ್ಲವನ್ನೂ ನೋಡಿದ್ದ.

"ತಪ್ಪು ನಂದು ಮಗು. ಯಾತಕ್ಕೆ ಬೇಕು ಅಂತ ಕೇಳದೆ ಗೀರಿಸಿಬಿಟ್ಟೆ. ಇನ್ಮೇಲೆ ಮೊದಲು ಕೇಳ್ತೀನಿ. ನೀನು ಮಣ್ಣಿಗೆ ಹೋಗ್ಬೇಡ, ಒಲೆ ಹತ್ರ ಇರು."

ಅದಕ್ಕೇ ಪುಟ್ಟಾ, ಇವತ್ತಿಗೂ ಬಳಪದ ಕಲ್ಲಲ್ಲಿ ತೋಡಿದ ಪಾತ್ರೆಗೆ, ಅದೇ ನಮ್ಮ ಕಲ್ಲುಮರಿಗೆಗೆ, ಹೊಸದರಲ್ಲಿ ಮೊದಲು ಎಣ್ಣೆ, ಅರಿಶಿನ ಹಚ್ಚುತ್ತಾರೆ. ಒಲೆಯಿಂದ ಇಳಿಸಿದ ಮೇಲೂ ಅದರಲ್ಲಿ ಸಾರು ಕುತಕುತ ಕುದಿಯುತ್ತಲೇ ಇರುತ್ತದೆ. ಹಳ್ಳದಾಚೆ ಕೆಂಚಿ ಇನ್ನೂ ಕಾಯುತ್ತಿದ್ದಾಳೆ ಎಂದೇ ಅದು ತಿಳಿದುಕೊಂಡಿದೆ.