ಸಾರಿಗೆ ಎರಡು ಸಲ ಉಪ್ಪು ಬಿದ್ದ ದಿನ

ತೊರೆಬೀಡಿನ ಮಠ ದೊಡ್ಡ ಮಠವೇನಲ್ಲ. ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆ, ಅಂಗಳದಲ್ಲೊಂದು ಬೇವಿನ ಮರ, ಇಷ್ಟೇ. ಪೂಜ್ಯ ಶ್ರೀ ನಿರ್ವಾಣಯ್ಯ ಅಜ್ಜನವರು ಪೀಠದ ಮೇಲೆ ಕುಳಿತದ್ದನ್ನು ಕಂಡವರೇ ಕಡಿಮೆ. ದಾಸೋಹದ ಮನೆಯ ಹೊಸ್ತಿಲ ಬಳಿ ಮೊರ ಹಿಡಿದು ಬೇಳೆ ಹಸನು ಮಾಡುತ್ತ ಕೂಡುವುದೇ ಅವರಿಗೆ ಪ್ರೀತಿ.

ಅಂಥ ಒಂದು ಮಧ್ಯಾಹ್ನ ಧಾರವಾಡದ ಕಡೆಯಿಂದ ಗುರುಶಾಂತಪ್ಪ ಹಂಚಿನಾಳರು ಮಠಕ್ಕೆ ಬಂದರು. ಇವರು ವಾರಪತ್ರಿಕೆಯೊಂದರಲ್ಲಿ ಪುಸ್ತಕ ವಿಮರ್ಶೆ ಬರೆಯುವ ಪಂಡಿತರು. ಲೇಖಕರು ಇವರ ಹೆಸರು ಕೇಳಿದರೆ ಬೆವರುತ್ತಿದ್ದರು. ಮಠ, ಸ್ವಾಮಿಗಳು ಎಂದರೆ ಪಂಡಿತರಿಗೆ ಅಷ್ಟಕ್ಕಷ್ಟೆ. ಅಜ್ಜನವರಿಗೂ ಅರ್ಧವೇ ಕೈ ಮುಗಿದರು. ಕಿಸೆಯಲ್ಲಿ ಒಂದು ಕಾಗದವಿತ್ತು. ನಾಲ್ಕು ತಿಂಗಳಿಂದ ಅದು ಅವರ ನಿದ್ದೆ ಕೆಡಿಸಿತ್ತು.

ನಡೆದದ್ದಿಷ್ಟು. ಇದೇ ಊರಿನ ಈರಬಸಪ್ಪ ಮಾಸ್ತರರು ಮಠದ ಲಿಂಗೈಕ್ಯ ಹಿರಿಯ ಗುರುಗಳ ಚರಿತ್ರೆಯನ್ನು ಪದ್ಯದಲ್ಲಿ ಬರೆದು ಅಚ್ಚು ಹಾಕಿಸಿದ್ದರು. ಪಂಡಿತರು ಅದನ್ನು ಪತ್ರಿಕೆಯಲ್ಲಿ ಹಿಂಜಿ ಹಾಕಿದರು. ಕೊನೆಗೆ ಒಂದು ಸಾಲು: ‘ಮಾಸ್ತರರು ಲೇಖನಿ ಕೆಳಗಿಟ್ಟರೆ ಅದೇ ಅವರು ಮಾಡಬಹುದಾದ ದೊಡ್ಡ ಗುರುಸೇವೆ.’ ಓದಿದವರು ಹೊಟ್ಟೆ ಹಿಡಿದು ನಕ್ಕರು. ಆದರೆ ಮಾಸ್ತರರು ಭಕ್ತರು ನೋಡಿ, ಆ ಮಾತನ್ನು ಹಾಗೇ ನಂಬಿಬಿಟ್ಟರು! ಲೇಖನಿಯನ್ನು ಗುರುಗಳ ಗದ್ದುಗೆಗೆ ಒಪ್ಪಿಸಿ, ದಾಸೋಹದ ಮನೆ ಸೇರಿ ಸೌಟು ಹಿಡಿದರು.

ಅವರ ಹೆಂಡತಿ ನಾಗವ್ವ ಪಂಡಿತರಿಗೆ ಕಾಗದ ಬರೆದಳು. ‘ಅಣ್ಣಾರ, ಮೂವತ್ತು ವರ್ಷ ದಿನಾ ಸಂಜಿಕ ಬರದದ್ದು ನನ್ನ ಮುಂದ ಓದತಿದ್ರು. ಈಗ ಮನಿ ಸುಮ್ಮನಾಗೇತಿ. ಬ್ಯಾಡ ಅಂದವರು ನೀವ. ಬರೀರಿ ಅಂತ ನೀವ ಹೇಳಬೇಕು.’ ಅದನ್ನು ಓದಿದ ದಿನದಿಂದ ಪಂಡಿತರೂ ವಿಮರ್ಶೆ ಬರೆದಿರಲಿಲ್ಲ. ಇನ್ನು ಯಾರ ಬಗ್ಗೆಯೂ ಕೆಟ್ಟದ್ದು ಆಡುವುದಿಲ್ಲವೆಂದು ಆಣೆ ಹಾಕಿಕೊಂಡಿದ್ದರು. ಇಂದು ಮಾಸ್ತರರ ಕೈ ಹಿಡಿದು ಕ್ಷಮೆ ಕೇಳಲೆಂದೇ ಬಂದಿದ್ದರು.

ಪಂಡಿತರು ಹೇಳಿದ್ದೆಲ್ಲವನ್ನೂ ಕೇಳಿದ ಅಜ್ಜನವರು ಮೊರ ಪಕ್ಕಕ್ಕಿಟ್ಟು, “ಮೊದಲ ಪ್ರಸಾದ ಆಗಲಿ, ಪಂಡಿತರ” ಎಂದರು.

ಆ ಮಠದಲ್ಲಿ ಗದ್ದುಗೆಗೆ ಎಡೆ ಆಗುವವರೆಗೆ ಅಡಿಗೆಯ ರುಚಿಯನ್ನು ಯಾರೂ ನೋಡುವಂತಿಲ್ಲ. ಎಡೆಯಾದ ಮೇಲೆ ಅದು ಪ್ರಸಾದ, ಹೆಸರಿಡುವಂತಿಲ್ಲ. ತಟ್ಟೆಯಲ್ಲಿ ಅಗುಳು ಬಿಡುವಂತಿಲ್ಲ, ತಟ್ಟೆ ತೊಳೆದ ನೀರನ್ನೂ ಕುಡಿಯಬೇಕು.

ಪಂಡಿತರು ನುಚ್ಚಿಗೆ ಸಾರು ಕಲಸಿ ಒಂದು ತುತ್ತು ಬಾಯಿಗಿಟ್ಟರು. ಶಿವ ಶಿವಾ! ಕಣ್ಣಲ್ಲಿ ನೀರು ಬಂತು. ಉಪ್ಪೆಂದರೆ ಉಪ್ಪು. ಪಂಕ್ತಿಯಲ್ಲಿದ್ದ ಇಪ್ಪತ್ತು ಜನ ಮುಖ ಕಿವುಚದೆ ತಲೆ ತಗ್ಗಿಸಿ ಉಣ್ಣುತ್ತಿದ್ದರು. ಅಜ್ಜನವರೂ ಶಾಂತವಾಗಿ ಉಣ್ಣುತ್ತಿದ್ದರು.

“ಸಾರು ಹ್ಯಾಂಗೈತ್ರಿ?” ಅಜ್ಜನವರು ಕೇಳಿದರು.

ಪಂಡಿತರಿಗೆ ಆಣೆ ನೆನಪಾಯಿತು. “ಭಾಳ ಚಲೋ ಐತ್ರಿ” ಎಂದರು. ಅವರ ನಾಲಿಗೆ ಇಂಥ ಸುಳ್ಳು ಹೇಳಿದ್ದು ಅದೇ ಮೊದಲು.

“ಹಂಗಾರ ಇನ್ನೊಂದು ಸೌಟು ಹಾಕ್ರಿ ಪಂಡಿತರಿಗೆ!”

ಬಿತ್ತು. ಪಂಡಿತರು ಒಂದು ಚೆಂಬು ನೀರು ಕುಡಿದು ಅದನ್ನೂ ಮುಗಿಸಿದರು. “ಈಗ?” ಎಂದರು ಅಜ್ಜನವರು. “ಅಮೃತ ಅಜ್ಜಾರ.” ಮತ್ತೊಂದು ಸೌಟು ಬಿತ್ತು. ಇನ್ನು ತಟ್ಟೆ ತೊಳೆದು ಕುಡಿಯುವುದೂ ಬಾಕಿಯಿದೆಯಲ್ಲ ಎಂದು ನೆನಪಾದೊಡನೆ ಅವರ ತಾಳ್ಮೆ ಕಿತ್ತುಹೋಯಿತು.

“ಉಪ್ಪು, ಅಜ್ಜಾರ, ಉಪ್ಪು! ಬಾಯಾಗ ಇಡಾಕ ಆಗವಲ್ದು!”

ಪಂಕ್ತಿಯಲ್ಲಿದ್ದವರೆಲ್ಲ ತಲೆ ಎತ್ತಿ ನೋಡಿದರು. ಪ್ರಸಾದಕ್ಕೆ ಹೆಸರಿಡುವುದೆಂದರೇನು! ಅಜ್ಜನವರು ಮಾತ್ರ ಚಪ್ಪಾಳೆ ತಟ್ಟಿ ನಕ್ಕರು. “ಈರಬಸಪ್ಪಾ, ಹೊರಗ ಬಾ. ಖರೇ ಹೇಳವರು ಬಂದಾರ.”

ಮಾಸ್ತರರು ಸೌಟು ಹಿಡಿದೇ ಬಂದರು. ಅಂಗೈಗೆ ಸಾರು ಬಿಟ್ಟು ನೆಕ್ಕಿ ನೋಡಿ ಹೌಹಾರಿದರು. “ಅಯ್ಯೋ ಗುರುವೇ! ಎರಡು ಸಲ ಬಿದ್ದೈತಿ. ಇಷ್ಟು ಮಂದಿಯೊಳಗ ಒಬ್ಬರಾದರೂ ಹೇಳಬಾರದ?”

“ಎರಡು ಸಲ ಯಾಕ ಬಿತ್ತು?”

ಮಾಸ್ತರರು ತಲೆ ತಗ್ಗಿಸಿದರು. “ಒಂದು ಪದ್ಯ ಬಾಯಿಗೆ ಬಂದಿತ್ರಿ, ಅಜ್ಜಾರ. ಎಷ್ಟು ತಡದ್ರೂ ಬರತಾವ್ರಿ.”

ಆ ಮಾತು ಕೇಳಿ ಪಂಡಿತರ ಎದೆಯ ಭಾರ ಅರ್ಧ ಇಳಿಯಿತು. ಮಾಸ್ತರರ ಲೇಖನಿ ಕೆಳಗಿತ್ತು, ಪದ್ಯ ನಿಂತಿರಲಿಲ್ಲ!

“ಉಪ್ಪು ಹೆಚ್ಚಾತು ಅಂದ್ರಲ್ಲ, ಒಲಿ ಆರಿಸಿ ಮನಿಗೆ ಹೋಗ್ತೀಯೇನು?” ಅಜ್ಜನವರು ಕೇಳಿದರು.

“ಯಾಕ್ರಿ ಅಜ್ಜಾರ? ಬ್ಯಾಳಿ ಬೇಯಿಸಿ ಹಾಕಿ ಹದ ಮಾಡತೀನಿ.” ಹಾಗೆಂದವರೇ ಮಾಸ್ತರರು ತಮ್ಮ ಮಾತಿನ ಅರ್ಥ ಆಗಷ್ಟೇ ತಮಗೆ ಹೊಳೆದವರಂತೆ ನಿಂತುಬಿಟ್ಟರು.

ಅಜ್ಜನವರು ಪಂಡಿತರ ಕಡೆ ತಿರುಗಿದರು. “ಸಾರಿಗೆ ಉಪ್ಪು ಹೆಚ್ಚಂದ್ರಿ, ಚಲೋ ಆತು. ಒಲಿ ಆರಸು ಅನ್ನಲಿಲ್ಲ. ಪುಸ್ತಕಕ್ಕ ಮಾತ್ರ ಯಾಕ ಅಂದ್ರಿ?”

ಪಂಡಿತರು ಮಾಸ್ತರರಿಗೆ ಕೈ ಮುಗಿದು, “ಆ ಕಡೀ ಸಾಲು ತಪ್ಪು, ಮಾಸ್ತರ. ನಾಲ್ಕು ಮಂದಿ ನಗಲಿ ಅಂತ ಬರದೆ. ಇನ್ನೊಂದು ತಪ್ಪೂ ಮಾಡೀನಿ. ಗುರುಗಳು ಸಣ್ಣವರಿದ್ದಾಗ ಕುರಿ ಹಿಂಡಿನೊಳಗ ನಿದ್ದಿ ಹೋದದ್ದು, ಅವರವ್ವ ಊರೆಲ್ಲಾ ಕೂಗಿಕೊಂಡು ಹುಡುಕಿದ್ದು ಬರದೀರಲ್ಲ, ಅದನ್ನ ನಾ ಮೂರು ಸಲ ಓದೀನಿ. ಮೂರೂ ಸಲ ಅತ್ತೀನಿ. ಅದನ್ನ ಬರೀಲೇ ಇಲ್ಲ” ಎಂದರು.

ಮಾಸ್ತರರ ಮುಖ ಅರಳಿತು. “ಹೌದ್ರೇನು? ಮತ್ತ ನಾಲ್ಕನೇ ಅಧ್ಯಾಯ?”

“ನಾಲ್ಕನೇದು ಉಪ್ಪು.”

ಪಂಕ್ತಿಯಲ್ಲಿದ್ದವರೆಲ್ಲ ಹೋ ಎಂದು ನಕ್ಕರು. ಮಾಸ್ತರರೂ ನಕ್ಕರು. ಪಂಡಿತರು ನಾಲ್ಕು ದಿನ ಮಠದಲ್ಲೇ ಉಳಿದರು. ಬೇವಿನ ಮರದ ಕೆಳಗೆ ಒಂದೊಂದು ಪದ್ಯಕ್ಕೂ ಇಬ್ಬರ ಜಗಳವೇ ಜಗಳ. ಬೇಳೆ ಹಸನು ಮಾಡುತ್ತಿದ್ದ ಅಜ್ಜನವರಿಗೆ ಅದನ್ನು ಕೇಳುವುದೇ ಆನಂದ. ಹೊರಡುವ ದಿನ ಪಂಡಿತರು ಅಜ್ಜನವರ ಪಾದಕ್ಕೆ ಹಣೆ ಹಚ್ಚಿದರು. ಊರಿಗೆ ಹೋದವರೇ ಮತ್ತೆ ವಿಮರ್ಶೆ ಬರೆಯಲು ಕುಳಿತರು. ತಪ್ಪನ್ನು ತಪ್ಪೆಂದೇ ಬರೆದರು, ಆದರೆ ಲೇಖನಿ ಕೆಳಗಿಡಿರೆಂದು ಇನ್ನಾರಿಗೂ ಹೇಳಲಿಲ್ಲ.

ವರ್ಷ ಕಳೆದು ಪುಸ್ತಕ ತಿದ್ದಿ ಮತ್ತೆ ಅಚ್ಚಾಯಿತು. ಮೊದಲ ಪ್ರತಿ ಗದ್ದುಗೆಗೆ, ಎರಡನೆಯದು ಪಂಡಿತರ ಕೈಗೆ. ಮಠಕ್ಕೆ ಬಂದಿದ್ದ ಅವರು ದಾಸೋಹದ ಮನೆಯ ಹೊಸ್ತಿಲ ಬಳಿ ಕುಳಿತು ನಾಲ್ಕನೆಯ ಅಧ್ಯಾಯ ತೆರೆದರು. ಮಾಸ್ತರರು ಉಸಿರು ಹಿಡಿದು ನಿಂತಿದ್ದರು, ಬಾಗಿಲ ಮರೆಯಲ್ಲಿ ನಾಗವ್ವನೂ ನಿಂತಿದ್ದಳು.

“ಉಪ್ಪು ಹ್ಯಾಂಗೈತ್ರಿ, ಪಂಡಿತರ?” ಅಜ್ಜನವರು ಮೊರದಿಂದ ತಲೆ ಎತ್ತದೆ ಕೇಳಿದರು.

ಪಂಡಿತರು ಪುಟ ಮುಗಿಸಿ ಕಣ್ಣೊರೆಸಿಕೊಂಡರು. “ಹದಾ ಐತ್ರಿ, ಅಜ್ಜಾರ. ಇನ್ನೊಂದು ಸೌಟು ಹಾಕಾಕ ಹೇಳ್ರಿ.”