ಕಿಟಕಿಯಲ್ಲಿ ನಿಂತ ಮುಖ

ಯಾವ ಕಾಲ ಅಂತ ಕೇಳಬೇಡಿ, ಕೇಳಿದರೆ ನನಗೂ ಗೊತ್ತಿಲ್ಲ. ಬಹಳ ಹಿಂದೆ, ಚೀನಾ ಸೀಮೆಯ ಒಂದೂರಿನಲ್ಲಿ ಕಾಂಗ್ ಬೋ ಅಂತ ಒಬ್ಬ ಗಾರೆ ಕೆಲಸದವನಿದ್ದನಂತೆ. ಆ ಕಡೆ ಸಾಹುಕಾರರಿಗೆಲ್ಲ ತೋಟದ ಹುಚ್ಚು. ನಮ್ಮ ತೆಂಗು ಬಾಳೆಯ ತೋಟ ಅಂದುಕೊಂಡೀರಿ ಮತ್ತೆ! ಸುತ್ತ ಸುಣ್ಣ ಬಳಿದ ಗೋಡೆ, ಒಳಗೊಂದು ಕೊಳ, ನಾಲ್ಕು ಬಂಡೆ, ಎರಡು ಮರ. ಅಷ್ಟೇ. ಆದರೆ ಆ ಗೋಡೆಯಲ್ಲಿ ಹುಣ್ಣಿಮೆ ಚಂದ್ರನಂಥ ದುಂಡು ಬಾಗಿಲು, ಬೀಸಣಿಗೆಯ ಆಕಾರದ ಕಿಟಕಿ. ಅದರಲ್ಲಿ ಇಣುಕಿದರೆ ಆಚೆಯ ಬಿದಿರೋ ಬೆಟ್ಟವೋ ಕಟ್ಟು ಹಾಕಿದ ಪಟದ ಹಾಗೆ ಕಾಣಬೇಕು. ಆ ಕಿಂಡಿ ಎಲ್ಲಿ ಬಿಡಬೇಕು ಅನ್ನುವುದರಲ್ಲಿ ಕಾಂಗ್ ಬೋನನ್ನು ಮೀರಿಸುವವರಿರಲಿಲ್ಲ.

ಗೋಡೆ ಏಳುವ ಮುಂಚೆ ಅವನು ಬಿದಿರಿನ ಖಾಲಿ ಚೌಕಟ್ಟೊಂದನ್ನು ಕೈಯಲ್ಲಿ ಹಿಡಿದು ಹತ್ತು ದಿನ ಬರೀ ನೋಡುತ್ತಿದ್ದನಂತೆ. ಹನ್ನೊಂದನೆಯ ದಿನ ಕಿಂಡಿಯ ಜಾಗಕ್ಕೆ ಗೂಟ ನೆಡುತ್ತಿದ್ದ. ಅವನಿಟ್ಟ ಕಿಟಕಿಯೆದುರು ಹಾರುವ ಕೊಕ್ಕರೆ ಕೂಡ ಒಂದು ಗಳಿಗೆ ಗಾಳಿಯಲ್ಲೇ ನಿಂತು ಹೋಗುತ್ತಿತ್ತು ಅಂತ ಹೇಳುತ್ತಾರೆ. ಹೇಳುವವರಿಗೇನು, ಹೇಳುತ್ತಾರೆ.

ಹುವಾಂಗ್ ಅಂತ ಒಬ್ಬ ಉಪ್ಪಿನ ಸಾಹುಕಾರ ಅವನನ್ನು ಕರೆಸಿದ. ಸಾಹುಕಾರನ ತೋಟದ ಹಿಂದೆ, ತಗ್ಗಿನಲ್ಲಿ, ಒಂದು ಗುಡಿಸಲು, ಅಂಗಳದಲ್ಲೊಂದು ಪೀಚ್ ಮರ. ಅಲ್ಲಿದ್ದವಳು ಚಾಪೆ ಹೆಣೆಯುವ ಯಿನ್ ಅಜ್ಜಿ. ಗಂಡನಿಗೆ ಲಕ್ವ ಹೊಡೆದಿತ್ತು. ದಿನಾ ಬೆಳಿಗ್ಗೆ ಅವಳು ಗಂಡನನ್ನು ಬೆನ್ನ ಮೇಲೆ ಹೊತ್ತು ತಂದು, ಮರದ ಕೆಳಗೆ ಎಳೆಬಿಸಿಲಿಗೆ ಕೂರಿಸಿ, ಏನೋ ಗುನುಗುತ್ತಾ ಮೀಯಿಸುತ್ತಿದ್ದಳು. ಕಾಂಗ್ ಬೋ ಬಿದಿರು ಮೆಳೆಯ ಸಂದಿನಿಂದ ಹತ್ತು ದಿನವೂ ಅದನ್ನು ನೋಡಿದ. ಬಿಸಿಲೇರಿದ ಮೇಲೆ ಅಜ್ಜಿ ಅವನನ್ನು ತಮ್ಮಾ ಅಂತ ಕರೆದು, ದಣಿದಿರಬೇಕು ಪಾಪ ಅಂತ ಒಂದು ಬಟ್ಟಲು ಬಿಸಿನೀರು ಕೊಡುತ್ತಿದ್ದಳು. ಚಹಾದೆಲೆ ಹಾಕಲು ಅವಳಲ್ಲಿರಲಿಲ್ಲ. ಅವನು ಕುಡಿದ. ಕುಡಿದು, ಸರಿಯಾಗಿ ಅವಳ ಅಂಗಳದ ನೇರಕ್ಕೇ ಗೂಟ ನೆಟ್ಟ. ಅವಳನ್ನು ಒಂದು ಮಾತು ಕೇಳಲಿಲ್ಲ. ಗೋಡೆ ಎದ್ದ ಮೇಲೆ, ಗಾಳಿಗೆ ಬಿಟ್ಟ ಕಿಂಡಿ ಇರಬೇಕು ಅಂದುಕೊಂಡಳು ಅಜ್ಜಿ.

ತೋಟ ಮುಗಿಯಿತು. ಸಾಹುಕಾರ ನೆಂಟರಿಷ್ಟರನ್ನು ಕರೆದ. ಬೆಳಿಗ್ಗೆಯೇ ಬರಹೇಳಿ ಅಂತ ಸಲಹೆ ಕೊಟ್ಟವನು ಇದೇ ಕಾಂಗ್ ಬೋ, ಮರೆಯಬೇಡಿ! ಅವನಿಗೆ ರೇಷ್ಮೆ ಹೊದಿಸಿ ಕಿಟಕಿಯ ಪಕ್ಕದಲ್ಲೇ ನಿಲ್ಲಿಸಿದ್ದರು. ಹೂ ಬಿಟ್ಟ ಮರ, ಕೆಳಗೆ ಮುದುಕ, ನೀರು ಹೊಯ್ಯುವ ಮುದುಕಿ. ಎಲ್ಲರೂ ಆಹಾ ಓಹೋ ಅಂದರು. ಒಬ್ಬ ಅಲ್ಲೇ ಪದ್ಯ ಕಟ್ಟಿದ. ಇನ್ನೊಬ್ಬ ಕಿಸಕ್ಕನೆ ನಕ್ಕ.

ನಗು ಕೇಳಿ ಮುದುಕ ಮುಖ ತಿರುಗಿಸಿ, ಆಡುವ ಒಂದೇ ಕೈಯಿಂದ ಮಾನ ಮುಚ್ಚಿಕೊಂಡ. ಅಜ್ಜಿ ತಲೆ ಎತ್ತಿದಳು. ಅಷ್ಟು ಮುಖಗಳ ನಡುವೆ ಅವಳ ಕಣ್ಣು ಕಾಂಗ್ ಬೋನ ಮೇಲೇ ನಿಂತಿತು. ಬೈಯಲಿಲ್ಲ ಮಾರಾಯರೇ, ಬೈದಿದ್ದರೆ ಚೆನ್ನಾಗಿತ್ತು. ತನ್ನ ಮೇಲಂಗಿ ಬಿಚ್ಚಿ ಗಂಡನಿಗೆ ಹೊದಿಸಿ, ಅವನನ್ನು ಹೊತ್ತುಕೊಂಡು ಒಳಗೆ ಹೋದಳು. ಭೂಮಿ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು ಕಾಂಗ್ ಬೋನಿಗೆ.

ಅವತ್ತೇ ಮಧ್ಯಾಹ್ನ ಗಾರೆ ಕಲಸಿಕೊಂಡು ಕಿಟಕಿ ಮುಚ್ಚಲು ಹೋದ. ಸಾಹುಕಾರ ಬಿಡಲಿಲ್ಲ. ತೋಟಕ್ಕೆ ಹೆಸರು ಬಂದಿರುವುದೇ ಅದರಿಂದ, ಮುಟ್ಟಿದರೆ ಕೈ ಮುರಿಸುತ್ತೇನೆ ಅಂದ. ಅಜ್ಜಿಯ ಮನೆಗೆ ಹೋದರೆ ಬಾಗಿಲು ತೆರೆಯಲಿಲ್ಲ. ಅವಳು ಗಂಡನನ್ನು ಕತ್ತಲೆ ಕೋಣೆಯಲ್ಲೇ ಮೀಯಿಸುತ್ತಿದ್ದಾಳೆ, ಬಿಸಿಲು ಕಾಣದೆ ಮುದುಕ ಬಾಡಿಹೋಗುತ್ತಿದ್ದಾನೆ ಅಂತ ಕೇರಿಯವರು ಆಡಿಕೊಂಡರು.

ಅದು ಕಿವಿಗೆ ಬಿದ್ದ ಮರುದಿನ ಬೆಳಿಗ್ಗೆ ಕಾಂಗ್ ಬೋ ಅಂಗಳದ ಅಂಚಿಗೆ, ಕಿಟಕಿಯ ಬುಡಕ್ಕೇ ಒಂದು ಕಲ್ಲು ಹೊರಳಿಸಿಕೊಂಡು ಬಂದ. ಅದರ ಮೇಲೆ ಹತ್ತಿ, ಗುಡಿಸಲಿಗೆ ಬೆನ್ನು ಮಾಡಿ, ಕಿಟಕಿಗೆ ಮುಖ ಕೊಟ್ಟು ನಿಂತ. ತೋಟಕ್ಕೆ ಬಂದವರು ಇಣುಕಿದರೆ ಮರವೂ ಇಲ್ಲ, ಅಂಗಳವೂ ಇಲ್ಲ, ಇವನ ಮುಖ. ಸರಿಯೋ ಅಂದರೆ ಸರಿಯಲಿಲ್ಲ. ಆಳುಗಳು ಕೋಲಿನಿಂದ ತಿವಿದರು. "ಇಲ್ಲಿ ನೋಡಬೇಕಾದ್ದು ಇದೇ, ನೋಡಿ. ಈ ಕಿಟಕಿ ಇಟ್ಟವನು ನಾನು" ಅಂದನಂತೆ. ಮರುದಿನವೂ ಬಂದು ನಿಂತ. ಏಳನೆಯ ದಿನ ಬೆನ್ನ ಹಿಂದೆ ನೀರು ಹೊಯ್ಯುವ ಸದ್ದು ಕೇಳಿಸಿತು. ಅವನು ತಿರುಗಲಿಲ್ಲ.

ಹೀಗೆ ಮೂರು ವರ್ಷ ಅಂತಾರೆ, ಕೆಲವರು ಹನ್ನೆರಡು ಅಂತಾರೆ. ಮಳೆಗೂ ನಿಂತ, ಹಿಮಕ್ಕೂ ನಿಂತ. ಆ ಕಣ್ಣು ಎದುರಿಸಲಾಗದೆ ಸಾಹುಕಾರನ ಅತಿಥಿಗಳು ಬರುವುದನ್ನೇ ಬಿಟ್ಟರು. ಕೊನೆಗೊಂದು ಬೆಳಿಗ್ಗೆ ನೀರಿನ ಸದ್ದಿಲ್ಲ. ಮರುದಿನವೂ ಇಲ್ಲ. ಮುದುಕ ಹೋಗಿಬಿಟ್ಟಿದ್ದ. ಆದರೂ ಕಾಂಗ್ ಬೋ ನಿಂತೇ ಇದ್ದ. ಯಾವ ಮುಖ ಇಟ್ಟುಕೊಂಡು ತಿರುಗುವುದು, ಹೇಳಿ? ಆಗ ಪಕ್ಕದಿಂದ ಸುಕ್ಕುಗಟ್ಟಿದ ಕೈಯೊಂದು ಬಂದು ಕಿಟಕಿಯ ದಂಡೆಯ ಮೇಲೆ ಬಟ್ಟಲು ಇಟ್ಟಿತು. ಬಿಸಿನೀರು. "ಸಾಕು ತಮ್ಮಾ, ಇಳಿ" ಅಂದಳಂತೆ ಅಜ್ಜಿ. ಕ್ಷಮಿಸಿದಳೋ ಇಲ್ಲವೋ ಯಾರಿಗೂ ಗೊತ್ತಿಲ್ಲ, ಅವನೂ ಕೇಳಲಿಲ್ಲ. ಕಲ್ಲಿನಿಂದ ಇಳಿದು ಅರ್ಧ ಕುಡಿದ, ಉಳಿದರ್ಧವನ್ನು ಮುದುಕ ಕೂರುತ್ತಿದ್ದ ಜಾಗದಲ್ಲಿ ನೆಲಕ್ಕೆ ಚೆಲ್ಲಿದನಂತೆ.

ಆ ಊರಿನ ಗಾರೆ ಕೆಲಸದವರು ಈಗಲೂ ಗೋಡೆಯಲ್ಲಿ ಕಿಂಡಿ ಬಿಟ್ಟರೆ, ಚೌಕಟ್ಟು ಕೂರಿಸುವ ಮುಂಚೆ ಆಚೆ ಮನೆಯ ಬಾಗಿಲಿಗೆ ಹೋಗಿ ನಿಲ್ಲುತ್ತಾರಂತೆ. ಆಚೆಯವರು ಒಪ್ಪಿದರೆ ಆ ಕಿಂಡಿಯ ದಂಡೆಯ ಮೇಲೆ ಕೈಯಾರೆ ಒಂದು ಬಟ್ಟಲು ಬಿಸಿನೀರು ಇಡುತ್ತಾರೆ. ಬಟ್ಟಲು ಬರಲಿಲ್ಲವೋ, ಎಂಥಾ ಸಾಹುಕಾರನ ತೋಟವಾದರೂ ಅವತ್ತೇ ಕಿಂಡಿ ಮುಚ್ಚಬೇಕು. ಬಂದ ನೀರನ್ನೂ ಗಾರೆಯವರು ಪೂರ್ತಿ ಕುಡಿಯುವುದಿಲ್ಲ. ಅರ್ಧ ಕುಡಿದು, ಉಳಿದರ್ಧವನ್ನು ತಲೆ ತಗ್ಗಿಸಿ ನೆಲಕ್ಕೆ ಚೆಲ್ಲುತ್ತಾರೆ.